ಹರಳೆಣ್ಣೆ ಹೊಗೆಯ ದಿನಗಳು

ಹರಳೆಣ್ಣೆ ಅಂದರೆ ನಮ್ಮ ಮನೆಗಳಲ್ಲಿ ಶನಿವಾರದ ಎಣ್ಣೆನೀರು, ಇಲ್ಲವೇ ಬೇಸಿಗೆ ರಜೆಯಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಆ ದರಿದ್ರ ಲೋಟ. ಅದೇ ಎಣ್ಣೆ ಪೆಟ್ರೋಲಿನ ಜತೆ ಇಂಜಿನ್ನಿನಲ್ಲಿ ಉರಿದಾಗ ಏಳುವ ಹೊಗೆಗೆ ಹುಡುಗರು ಮೂಗರಳಿಸಿ ನಿಲ್ಲುತ್ತಾರೆ ಅಂದಿದ್ದರೆ ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ. ರೇಸಿನವರು ಬಳಸುತ್ತಿದ್ದ ಕ್ಯಾಸ್ಟ್ರಾಲ್ ಆರ್ ಎಣ್ಣೆಯ ಮೂಲ ಹರಳೇ. ಅದರ ಹೊಗೆಯನ್ನು ನಾವು ಮೂವರು ಮೊದಲ ಸಲ ಎದೆ ತುಂಬ ಎಳೆದುಕೊಂಡದ್ದು ಕಾಲೇಜಿನ ದಿನಗಳಲ್ಲಿ, ಮದ್ರಾಸಿನ ಆಚೆ ಶೋಲಾವರಂನಲ್ಲಿ.

ಶೋಲಾವರಂ ಹೇಳಿ ಮಾಡಿಸಿದ ರೇಸ್ ಟ್ರ್ಯಾಕ್ ಆಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. ವರ್ಷಕ್ಕೊಮ್ಮೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸ್ ನಡೆಸಿದರೆ ದಕ್ಷಿಣದ ಬೈಕ್ ಹುಚ್ಚರೆಲ್ಲ ಅಲ್ಲಿಗೇ. ಬೆಂಗಳೂರಿನಿಂದ ರಾತ್ರಿ ಹೊರಟು, ಕೋಲಾರ ದಾಟಿ, ಮುಳಬಾಗಿಲಲ್ಲಿ ಕಣ್ಣಿಗೆ ನೀರು ಚಿಮುಕಿಸಿಕೊಂಡು, ಚಿತ್ತೂರಿನ ಹೊತ್ತಿಗೆ ಬೆನ್ನು ಸೆಟೆದು, ಬೆಳಗಾಗುವಷ್ಟರಲ್ಲಿ ತಮಿಳುನಾಡು. ನೆರಳಿಲ್ಲದ ಬಯಲು. ಬಿಸಿಲು ಏರಿದಂತೆ ಪಟ್ಟಿಯ ಆ ತುದಿ ನೀರಿನ ಹಾಗೆ ಅಲುಗುತ್ತಿತ್ತು. ಆ ಅಲುಗಾಟದೊಳಗಿಂದ ಮೊದಲು ಸದ್ದು, ಆಮೇಲೆ ಬೈಕು.

ನಮ್ಮ ಮೂವರಲ್ಲಿ ಮೈಸೂರಿನವನದು ಯೆಜ್ಡಿ ರೋಡ್‌ಕಿಂಗ್. ಅವನ ತಂದೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು. ಹಾಗಾಗಿ ಬೈಕಿನ ವಿಷಯದಲ್ಲಿ ಕೊನೇ ಮಾತು ತನ್ನದೇ ಎಂದು ಅವನ ನಂಬಿಕೆ. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಆ ಯಂತ್ರದ ಜಾಣತನವನ್ನು ಪೆಟ್ರೋಲ್ ಬಂಕ್ ಹುಡುಗರಿಗೂ ಕರೆದು ತೋರಿಸುತ್ತಿದ್ದ. ಇನ್ನೊಬ್ಬ ಬೆಂಗಳೂರಿನವನೇ; ಐಟಿಐ ಮುಗಿಸಿ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮ್ ಸೇರಿದವನು. ನಮ್ಮ ಬಾಯಲ್ಲಿ ಅವನ ಹೆಸರೇ ಟೂಲ್‌ರೂಮ್. ಅವನದೊಂದು ಸ್ಕೂಟರ್. ನಾನು ಇಬ್ಬರ ಹಿಂದೆಯೂ ಸರದಿಯ ಮೇಲೆ ಕೂರುವವನು.

ಶೋಲಾವರಂನಲ್ಲಿ ಮೈಸೂರಿನವನ ಬಾಯಿ ಮುಚ್ಚಿಸಿದ್ದು ರಾಜದೂತ್ 350. ನಮ್ಮ ಪಾಲಿಗೆ ಸೂಪರ್‌ಬೈಕ್ ಅಂದರೆ ಅದೇ. ಅಮೆರಿಕದಲ್ಲಿ 1976ರಲ್ಲೇ ಸೂಪರ್‌ಬೈಕ್ ಹೆಸರಿನ ರೇಸ್ ಸರಣಿ ಶುರುವಾಗಿ, ಸಾವಿರ ಸಿಸಿಯ ಕವಾಸಾಕಿ, ಹೊಂಡಾಗಳು ಗುದ್ದಾಡುತ್ತಿದ್ದವು ಅನ್ನುವುದೆಲ್ಲ ನಮಗೆ ಗೊತ್ತಾಗಿದ್ದು ಫುಟ್‌ಪಾತಿನಲ್ಲಿ ಮಾರುತ್ತಿದ್ದ ಹಳೇ ಮ್ಯಾಗಜೀನುಗಳಿಂದ. ಕಣ್ಣೆದುರಿಗೆ ಇದ್ದದ್ದು ಈ ಜೋಡಿ ಸಿಲಿಂಡರಿನ ಟೂ-ಸ್ಟ್ರೋಕ್ ಒಂದೇ. ಯಮಾಹಾ ಆರ್‌ಡಿ350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜದೂತ್ ಹೆಸರಿನಲ್ಲಿ ಇಲ್ಲಿ ತಯಾರಿಸಲು ಹೊರಟಾಗ ಜಪಾನಿನಲ್ಲಿ ಅದರ ಕಾಲ ಮುಗಿದಿತ್ತು. ಬಂದದ್ದೂ ಪೂರ್ತಿ ಬರಲಿಲ್ಲ. ಅಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್ ಇಲ್ಲಿ ಮೈಲೇಜಿನ ನೆಪದಲ್ಲಿ 30.5ಕ್ಕೆ ಇಳಿಯಿತು. ಅದೂ ಜಾಸ್ತಿಯಾಯಿತೆಂದು ಆಮೇಲೆ 27ಕ್ಕೆ. ಜನ ಮೊದಲನೆಯದನ್ನು ಎಚ್‌ಟಿ, ಎರಡನೆಯದನ್ನು ಎಲ್‌ಟಿ ಅಂದರು. ಮುಂದಿನ ಡಿಸ್ಕ್ ಬ್ರೇಕೂ ಹೋಗಿ ಅದರ ಜಾಗಕ್ಕೆ ಡ್ರಮ್ ಬಂತು. ಇಷ್ಟೆಲ್ಲ ಕಡಿಮೆ ಮಾಡಿಯೂ ಅದು ಲೀಟರಿಗೆ ಕೊಡುತ್ತಿದ್ದ ಮೈಲೇಜ್ ಕೇಳಿ ಅಪ್ಪಂದಿರು ಷೋರೂಮಿನಿಂದ ಹಾಗೇ ಎದ್ದು ಬರುತ್ತಿದ್ದರು. ದಶಕ ಮುಗಿಯುವಷ್ಟರಲ್ಲಿ ಬೈಕೂ ಮುಗಿಯಿತು.

ಆದರೆ ಒಂದು ವಿಷಯವನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಬೋರ್ 64 ಮಿಲಿಮೀಟರ್, ಸ್ಟ್ರೋಕ್ 54. ಯಮಾಹಾದ ರೇಸ್ ಯಂತ್ರ ಟಿಜೆಡ್350ರದೂ ಇದೇ ಅಳತೆ. ಟೂಲ್‌ರೂಮ್ ಇದನ್ನು ಎಲ್ಲೋ ಓದಿದ ದಿನದಿಂದ ಮಂತ್ರದ ಹಾಗೆ ಹೇಳುತ್ತಿದ್ದ. ‘ಒಳಗೆ ಎಲ್ಲಾ ಇದೆ ಕಣೋ, ಕಟ್ಟಿ ಹಾಕಿದಾರೆ ಅಷ್ಟೆ.’

ಕಟ್ಟು ಬಿಚ್ಚುವ ಯೋಗ ಬಂದದ್ದು ಬಹಳ ವರ್ಷ ಕಳೆದ ಮೇಲೆ. ಮೂವರಿಗೂ ಮದುವೆಯಾಗಿತ್ತು, ಶೋಲಾವರಂ ರೇಸ್ ನಿಂತು, 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಶುರುವಾಗಿತ್ತು, ಯಾದವಗಿರಿಯ ಕಾರ್ಖಾನೆಯೂ 1996ರಲ್ಲಿ ಬಾಗಿಲು ಹಾಕಿತ್ತು. ತುಮಕೂರಿನ ಕಡೆ ಒಂದು ಅಕ್ಕಿ ಗಿರಣಿಯ ಹಿಂದೆ ಆರ್‌ಡಿ ಬಿದ್ದಿದೆ ಎಂದು ಸುದ್ದಿ ಬಂತು. ಹೋಗಿ ನೋಡಿದರೆ ಟ್ಯಾಂಕಿನ ಮೇಲೆ ಗೋಣಿಚೀಲ, ಸೀಟಿನ ಸ್ಪಂಜಿನೊಳಗೆ ಇಲಿ ಸಂಸಾರ, ಎಡಗಡೆ ಕಾರ್ಬುರೇಟರ್ ಇದ್ದ ಜಾಗದಲ್ಲಿ ತುರುಕಿದ ಬಟ್ಟೆ. ಕಿಕ್ಕರ್ ಜಗ್ಗಲಿಲ್ಲ. ಗಿರಣಿಯ ಯಜಮಾನರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಗುಜರಿಯವನು ಇದಕ್ಕಿಂತ ಜಾಸ್ತಿ ಕೊಡ್ತೀನಿ ಅಂದಿದ್ದ’ ಅಂದರು. ನಾವು ಗುಜರಿಯವನಿಗಿಂತ ಸ್ವಲ್ಪ ಜಾಸ್ತಿ ಕೊಟ್ಟೆವು.

ತಂದ ಮೊದಲ ವಾರವೇ ಜಗಳ. ಮೈಸೂರಿನವನಿಗೆ ಅದನ್ನು ಷೋರೂಮಿನಿಂದ ಇಳಿದ ಹಾಗೆ, ಸ್ಟಿಕ್ಕರ್ ಸಮೇತ, ಮೊದಲಿನಂತೆ ಮಾಡಬೇಕು. ಟೂಲ್‌ರೂಮಿಗೆ ರೇಸ್ ಬೈಕ್ ಬೇಕು. ನಾವು ಆ ಬಿಸಿಲಿನಲ್ಲಿ ಕಂಡಂಥದ್ದು. ನಾನು ಟೂಲ್‌ರೂಮ್ ಪಕ್ಷ. ಮೊದಲಿನಂತೆ ಮಾಡುವುದು ಅಂದರೆ ಮೈಲೇಜಿಗಾಗಿ ಕೈಕಾಲು ಕಟ್ಟಿಸಿಕೊಂಡ ಸ್ಥಿತಿಗೇ ತಿರುಗಿ ತರುವುದು ತಾನೇ? ಈಗ ಲಕ್ಷಗಟ್ಟಲೆ ಕೊಟ್ಟು ಆರ್‌ಡಿ ಕೊಂಡು, ಕಾರ್ಪೆಟ್ ಮೇಲೆ ನಿಲ್ಲಿಸಿ ಪಾಲಿಷ್ ಹೊಡೆಯುವವರನ್ನು ನೋಡಿದಾಗಲೂ ನನಗೆ ಇದೇ ಅನಿಸುತ್ತದೆ. ಹೊಟ್ಟೆಕಿಚ್ಚು ಎನ್ನುವವರು ಅನ್ನಲಿ. ಕೊನೆಗೆ ಒಂದು ರಾಜಿ ಆಯಿತು: ಇಂಜಿನ್ ನಮ್ಮಿಷ್ಟದಂತೆ, ಬ್ರೇಕ್ ಮಾತ್ರ ಅವನಿಷ್ಟದಂತೆ, ಡ್ರಮ್ಮೇ.

ಇಂಜಿನ್ ಹೋದದ್ದು ಕಲಾಸಿಪಾಳ್ಯದ ಒಳಗಲ್ಲಿಯಲ್ಲಿದ್ದ ಉಸ್ತಾದರ ಬಳಿಗೆ. ಶೋಲಾವರಂ ಕಾಲದಲ್ಲಿ ಬೈಕ್ ತಯಾರು ಮಾಡಿದ ಕೈ ಅದು. ಅಂಗಡಿ ಅಂದರೆ ಒಂದು ಬೆಂಚು, ಒಂದು ವೈಸ್, ಗೋಡೆ ತುಂಬ ಮೊಳೆಗೆ ತೂಗುಹಾಕಿದ ಹಳೇ ಪಿಸ್ಟನ್ನುಗಳು. ಪ್ರತಿ ಪಿಸ್ಟನ್ನಿಗೂ ಒಂದು ಕಥೆ. ಯಾವುದು ಯಾವ ತಿರುವಿನಲ್ಲಿ ಸೀಜ್ ಆಯಿತು, ಓಡಿಸುತ್ತಿದ್ದವನು ಎಷ್ಟು ದೂರ ಜಾರಿದ ಎಂಬುದು. ಟೂ-ಸ್ಟ್ರೋಕ್ ರೇಸಿನವರು ಕ್ಲಚ್ ಲಿವರ್ ಮೇಲೆ ಸದಾ ಎರಡು ಬೆರಳು ಇಟ್ಟುಕೊಂಡೇ ಓಡಿಸುವುದು ಯಾಕೆಂದು ಆ ಗೋಡೆ ನೋಡಿದರೆ ತಿಳಿಯುತ್ತಿತ್ತು. ಸೀಜ್ ಆದ ಕ್ಷಣ ಕ್ಲಚ್ ಹಿಡಿಯದಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಂತುಬಿಡುತ್ತದೆ.

ಉಸ್ತಾದರು ಕ್ರ್ಯಾಂಕ್ ಕೂರಿಸುವುದನ್ನು ನೋಡಲೆಂದೇ ನಾವು ಶನಿವಾರ ರಜೆ ಹಾಕಿದ್ದುಂಟು. ಆರ್‌ಡಿಯ ಕ್ರ್ಯಾಂಕ್ ಒಂದೇ ತುಂಡಲ್ಲ. ಚಕ್ರಗಳನ್ನೂ ಪಿನ್ನುಗಳನ್ನೂ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಕೂಡಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಇಂಜಿನ್ ನಡುಗುತ್ತದೆ, ಬೇರಿಂಗ್ ತಿನ್ನುತ್ತದೆ. ಉಸ್ತಾದರು ಕ್ರ್ಯಾಂಕನ್ನು ವಿ-ಬ್ಲಾಕಿನ ಮೇಲಿಟ್ಟು, ಡಯಲ್ ಗೇಜಿನ ಮೊನೆ ತಾಗಿಸಿ, ನಿಧಾನ ತಿರುಗಿಸುವರು. ಮುಳ್ಳು ಎಲ್ಲಿ ಏರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಅದನ್ನೆತ್ತಿ ಕೈಯಲ್ಲಿ ಹಿಡಿದು, ತಾಮ್ರದ ಸುತ್ತಿಗೆಯಿಂದ ಒಂದೇ ಏಟು. ಮತ್ತೆ ಗೇಜು. ಟೂಲ್‌ರೂಮ್ ತನ್ನ ಕಾರ್ಖಾನೆಯ ಅಳತೆಪಟ್ಟಿಯನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬಂದವನು, ‘ಎಷ್ಟು ಜೋರಾಗಿ ಹೊಡೀಬೇಕು ಅಂತ ಹೇಗೆ ಗೊತ್ತಾಗುತ್ತೆ ಉಸ್ತಾದ್?’ ಎಂದು ಕೇಳಿದ. ‘ಜೋರಾಗಿ ಹೊಡೆದರೆ ಗೊತ್ತಾಗ್ತದೆ ಬೇಟಾ, ಹೊಸ ಕ್ರ್ಯಾಂಕ್ ತರಬೇಕಾಗ್ತದೆ’ ಅಂದರು. ಮುಳ್ಳು ಅಲುಗದೆ ನಿಂತಾಗ ಮಾತ್ರ ಚಹಾ.

ಸಿಲಿಂಡರಿಗೆ ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಎಕ್ಸಾಸ್ಟ್ ಪೋರ್ಟನ್ನು ಸ್ವಲ್ಪವೇ ಮೇಲಕ್ಕೆ ಅರೆದದ್ದು ಟೂಲ್‌ರೂಮ್, ಎರಡೂ ಸಿಲಿಂಡರಿಗೆ ಒಂದೇ ಅಳತೆ ಬರುವವರೆಗೆ. ಎಣ್ಣೆ ಪಂಪನ್ನು ಕಳಚಿ ಪಕ್ಕಕ್ಕಿಟ್ಟೆವು. ಅಂದ ಮೇಲೆ ಹರಳೆಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಅದೊಂದು ಸೊಕ್ಕಿನ ಎಣ್ಣೆ; ಚಳಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಡಬ್ಬ ಕುಲುಕುವ ಕೆಲಸ ನನ್ನದು.

ಸೈಲೆನ್ಸರ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ರೇಸಿನ ಟೂ-ಸ್ಟ್ರೋಕಿಗೆ ಹಾಕುವುದು ಎಕ್ಸ್‌ಪ್ಯಾನ್ಷನ್ ಚೇಂಬರ್. ಕೊಳವೆ ಹೋಗುತ್ತಾ ಹೋಗುತ್ತಾ ಉಬ್ಬಿ, ಮತ್ತೆ ಕಿರಿದಾಗಿ, ಸಣ್ಣ ಬಾಲದಲ್ಲಿ ಮುಗಿಯುತ್ತದೆ. ಇಂಜಿನ್ನಿನಿಂದ ಹೊರಟ ಒತ್ತಡದ ಅಲೆ ಉಬ್ಬಿನಲ್ಲಿ ಹಿಗ್ಗುವಾಗ ಒಳಗಿನ ಸುಟ್ಟ ಗಾಳಿಯನ್ನು ಸೆಳೆಯುತ್ತದೆ. ಕಿರಿದಾಗುವ ಗೋಡೆಗೆ ಬಡಿದು ಹಿಂತಿರುಗುವಾಗ, ತಪ್ಪಿಸಿಕೊಂಡು ಹೊರಬಂದ ಹೊಸ ಪೆಟ್ರೋಲ್ ಗಾಳಿಯನ್ನು ಪೋರ್ಟ್ ಮುಚ್ಚುವ ಮುನ್ನವೇ ಸಿಲಿಂಡರಿಗೆ ತಳ್ಳುತ್ತದೆ. ಹೊರಗೆ ಹೋದದ್ದನ್ನು ಸದ್ದಿನ ಅಲೆಯೇ ಒಳಗೆ ಕಳಿಸುವ ಈ ಉಪಾಯವನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಕಾಡೆನ್, 1950ರ ದಶಕದಲ್ಲಿ. 1961ರಲ್ಲಿ ಅದೇ ಕಾರ್ಖಾನೆಯ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿನಿಂದ ಊರಿಗೆ ಹಿಂತಿರುಗದೆ ಪಶ್ಚಿಮಕ್ಕೆ ಓಡಿಹೋದ. ವಿದ್ಯೆಯನ್ನು ಸುಜುಕಿಯವರಿಗೆ ಕೊಟ್ಟ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ಬರ್ಲಿನ್ ಗೋಡೆ ಎದ್ದ ವರ್ಷ ಗೋಡೆ ದಾಟಿದ ಆ ವಿದ್ಯೆ ನಮ್ಮ ಕಲಾಸಿಪಾಳ್ಯಕ್ಕೆ ಬಂದದ್ದು ಯಾವ ದಾರಿಯಲ್ಲೋ. ಉಸ್ತಾದರು ಕಾಡೆನ್ ಹೆಸರು ಕೇಳಿದವರಲ್ಲ. ರಟ್ಟಿನಲ್ಲಿ ಕತ್ತರಿಸಿದ ಅಚ್ಚುಗಳನ್ನು ಟಿನ್ ಶೀಟಿನ ಮೇಲಿಟ್ಟು, ಕತ್ತರಿಸಿ, ಸುತ್ತಿ, ಗ್ಯಾಸ್ ವೆಲ್ಡಿಂಗ್ ಮಾಡಿ ಎರಡು ಚೇಂಬರ್ ನಿಲ್ಲಿಸಿದರು. ಬೆಸುಗೆಯ ಸಾಲು ಕಾಣುವ ಹಾಗೇ ಬಿಟ್ಟೆವು. ಮೈಸೂರಿನವನು ಕ್ರೋಮ್ ಮಾಡಿಸೋಣ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದದ್ದು ಬೇಗ ಆಯಿತು. ಕ್ಲಿಪ್-ಆನ್ ಹ್ಯಾಂಡಲ್, ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಫೈಬರಿನ ಒಂಟಿ ಸೀಟು, ಹಳದಿ ನಂಬರ್ ಫಲಕ. ಎಣ್ಣೆ ಬೋಲ್ಟುಗಳಿಗೆಲ್ಲ ತೂತು ಕೊರೆದು ತಂತಿ ಬಿಗಿದೆವು. ರೇಸಿನಲ್ಲಿ ಬೋಲ್ಟ್ ಬಿಚ್ಚಿ ಎಣ್ಣೆ ಚೆಲ್ಲಿದರೆ ಬೀಳುವವರು ಹಿಂದೆ ಬರುವವರು. ಟೈಮಿಂಗ್ ಕೂರಿಸುವ ರಾತ್ರಿ ಮಾತ್ರ ಉದ್ದವಾಯಿತು. ಎರಡು ಸಿಲಿಂಡರಿಗೆ ಎರಡು ಪಾಯಿಂಟ್. ಪಾಯಿಂಟಿನ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ, ಕಾಗದ ಸಡಿಲವಾಗುವ ಕ್ಷಣದಲ್ಲಿ ಪಿಸ್ಟನ್ ಎಲ್ಲಿದೆ ಎಂದು ಗೇಜಿನಲ್ಲಿ ನೋಡಬೇಕು. ಬಲ ಸರಿಯಾದರೆ ಎಡ ತಪ್ಪುತ್ತದೆ. ಕಾಗದ ಎಳೆಯುವವನು ಮೈಸೂರಿನವನು, ಗೇಜ್ ನೋಡುವವನು ಟೂಲ್‌ರೂಮ್, ಟಾರ್ಚ್ ಹಿಡಿದವನು ನಾನು. ಮಧ್ಯರಾತ್ರಿಯಲ್ಲಿ ಟೂಲ್‌ರೂಮಿನ ಹೆಂಡತಿ ಬಾಗಿಲಿಗೆ ಬಂದು, ‘ಮಗು ಈಗ ತಾನೇ ಮಲಗಿದೆ, ಸ್ಟಾರ್ಟ್ ಮಾಡೀರಿ ಜೋಕೆ’ ಎಂದು ಹೇಳಿ ಮೂರು ಲೋಟ ಬಾದಾಮಿ ಹಾಲು ಇಟ್ಟು ಹೋದರು.

ಇರುಂಗಾಟ್ಟುಕೋಟೈಗೆ ಟೆಂಪೋದಲ್ಲಿ ಒಯ್ದೆವು, ಉಸ್ತಾದರನ್ನೂ ಕೂರಿಸಿಕೊಂಡು. 3.7 ಕಿಲೋಮೀಟರಿನ ಸುತ್ತು. ಓಡಿಸಿದವನು ಮೈಸೂರಿನವನು, ಮೂವರಲ್ಲಿ ಗಟ್ಟಿಗ ಅವನೇ. ಮೊದಲ ಸುತ್ತಿನಲ್ಲಿ ಸೊರಸೊರ ಎನ್ನುತ್ತಾ, ಕೆಮ್ಮುತ್ತಾ ಹೋಯಿತು. ಉಸ್ತಾದರು ಸುಮ್ಮನಿದ್ದರು. ಎರಡನೇ ಸುತ್ತಿನ ನೇರ ದಾರಿಯಲ್ಲಿ ಸದ್ದು ಒಮ್ಮೆಲೇ ಬದಲಾಯಿತು. ಆ ತನಕ ಗೊಣಗುತ್ತಿದ್ದದ್ದು ಕಿರುಚಿತು. ಚೇಂಬರಿನ ಅಲೆ ಪೋರ್ಟಿನ ಲೆಕ್ಕಕ್ಕೆ ಕೂಡಿಬಂದದ್ದು ಆಗ. ‘ಪೈಪ್ ಹಿಡೀತು’ ಅಂದರು ಉಸ್ತಾದರು, ಬೀಡಿ ತೆಗೆಯದೆ. ಬೈಕ್ ನಮ್ಮ ಮುಂದೆ ಹಾದುಹೋದ ಮೇಲೆ ಆ ವಾಸನೆ ಬಂತು. ಟೂಲ್‌ರೂಮ್ ನನ್ನ ಭುಜ ಹಿಡಿದುಕೊಂಡಿದ್ದ. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ನನಗೆ ನೋಯುತ್ತಿತ್ತು. ಬಿಡು ಅನ್ನಲಿಲ್ಲ.

ಸವಾರಿ ಮುಗಿಸಿ ಬಂದವನ ಮುಖ ಬಿಳಿಚಿಕೊಂಡಿತ್ತು. ಹೆಲ್ಮೆಟ್ ತೆಗೆದು ಹೇಳಿದ ಮೊದಲ ಮಾತು, ‘ಇದು ನಿಲ್ಲಲ್ಲ ಕಣ್ರೋ.’ ಡ್ರಮ್ ಕಾದು ಬ್ರೇಕ್ ಮಾಯವಾಗಿತ್ತು. ರಾಜಿ ಪಂಚಾಯ್ತಿಯಲ್ಲಿ ಡ್ರಮ್ ಕೇಳಿದವನು ಇವನೇ ಎಂದು ಯಾರೂ ನೆನಪಿಸಬೇಕಾಗಿರಲಿಲ್ಲ. ಆದರೂ ಟೂಲ್‌ರೂಮ್ ನೆನಪಿಸಿದ.

ಉಸ್ತಾದರು ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಎಡದ್ದು ಸರಿಯಾದ ಕಂದು. ಬಲದ್ದು ಬೆಳ್ಳಗಾಗುತ್ತಿತ್ತು, ಪೆಟ್ರೋಲ್ ಸಾಲುತ್ತಿಲ್ಲ, ಇನ್ನೆರಡು ಸುತ್ತು ಓಡಿಸಿದ್ದರೆ ಗೋಡೆಗೆ ಇನ್ನೊಂದು ಪಿಸ್ಟನ್. ಆ ಕಡೆಯ ಜೆಟ್ ಒಂದು ನಂಬರ್ ದೊಡ್ಡದು ಮಾಡಿದರು. ಮಧ್ಯಾಹ್ನಕ್ಕೆ ಸರಿಯಾಯಿತು.

ಬೈಕ್ ಈಗ ಮೈಸೂರಿನಲ್ಲಿದೆ, ಓಡುವ ಸ್ಥಿತಿಯಲ್ಲೇ. ಅವನ ಮಗಳು ಮೆಕ್ಯಾನಿಕಲ್ ಓದಿದವಳು. ಕಾರ್ಬುರೇಟರ್ ಜೋಡಿಯನ್ನು ಬೆರಳು ತಾಗಿಸಿ ಹೊಂದಿಸುವುದರಲ್ಲಿ ಅಪ್ಪನಿಗಿಂತ ಕೈ ಪಳಗಿದೆ. ಹೋದ ವರ್ಷ ಅವಳು ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಸುವ ಮಾತೆತ್ತಿದಳು. ಅಪ್ಪ ಒಪ್ಪಲಿಲ್ಲ, ರಾಜಿ ಪಂಚಾಯ್ತಿಯ ತೀರ್ಮಾನ ಮುರಿಯುವ ಹಾಗಿಲ್ಲವಂತೆ. ಅವಳು ನನಗೆ ಫೋನ್ ಮಾಡಿದಳು. ‘ಅಂಕಲ್, ಜಪಾನಲ್ಲಿ ಮೊದಲೇ ಡಿಸ್ಕ್ ಇತ್ತಲ್ಲಾ, ಇಲ್ಲಿ ಕಿತ್ತುಕೊಂಡಿದ್ದು ತಾನೇ? ನಾನು ಹೊಸದೇನೂ ಹಾಕ್ತಿಲ್ಲ.’ ನಾನೂ ಟೂಲ್‌ರೂಮೂ ಅವಳ ಕಡೆ ಕೈ ಎತ್ತಿದೆವು. ಡಿಸ್ಕ್ ಬಂದಾಯಿತು. ಮೈಸೂರಿನವನು ನಮ್ಮಿಬ್ಬರ ಜತೆ ಸರಿಯಾಗಿ ಮಾತಾಡಿ ತಿಂಗಳುಗಳಾದವು. ಬ್ರೇಕ್ ಹೇಗಿದೆ ಎಂದು ಕೇಳಿದರೆ ಫೋನನ್ನು ಮಗಳಿಗೆ ಕೊಡುತ್ತಾನೆ.