ಹೊಸಬರಿಗೊಂದು ಮಣೆ

ಅಭಿಮಾನಿಗಳ ಬಳಗವೆಂದರೆ ಹಳೆಯ ಕಾಲದ ಅವಿಭಕ್ತ ಕುಟುಂಬವಿದ್ದ ಹಾಗೆ. ಯಾವ ಮೆಟ್ಟಿಲು ಸಡಿಲವಾಗಿದೆ, ಯಾವ ಬಾಗಿಲಿಗೆ ತಲೆ ಬಗ್ಗಿಸಬೇಕು, ದೊಡ್ಡಪ್ಪನ ಎದುರು ಯಾವ ಮಾತು ಎತ್ತಬಾರದು ಎನ್ನುವುದೆಲ್ಲ ಒಳಗಿನವರಿಗೆ ಗೊತ್ತು. ಗೋಡೆಯ ಮೇಲೆ ಯಾರೂ ಬರೆದಿಟ್ಟಿರುವುದಿಲ್ಲ. ಹೊಸದಾಗಿ ಬಂದವರು ಹಣೆ ಜಜ್ಜಿಸಿಕೊಂಡು ಕಲಿಯಬೇಕು, ಇಲ್ಲವೆ ಯಾರಾದರೊಬ್ಬರು "ಇಲ್ಲಿ ಸ್ವಲ್ಪ ಬಗ್ಗಿ ಬಾರಮ್ಮ" ಎಂದು ಮೆಲ್ಲಗೆ ಹೇಳಬೇಕು.

ಈಗ ಈ ಮನೆ ಕಂಪ್ಯೂಟರಿನೊಳಗೆ, ಮೊಬೈಲಿನೊಳಗೆ ಸೇರಿಕೊಂಡಿದೆ. ಕ್ರಿಕೆಟ್ಟಿನದೊಂದು, ಸಿನಿಮಾ ನಟರದೊಂದು, ಕೊರಿಯಾದ ಹಾಡುಗಾರರದೊಂದು, ಜಪಾನಿನ ಕಾರ್ಟೂನುಗಳದೊಂದು ಎಂದು ಲೆಕ್ಕವಿಲ್ಲದಷ್ಟು ಬಳಗಗಳು. ಹೈಸ್ಕೂಲಿನ ಎಷ್ಟೋ ಮಕ್ಕಳು ಇವುಗಳಲ್ಲಿ ಯಾವುದಾದರೊಂದರ ಹೊಸಿಲು ದಾಟಿರುತ್ತಾರೆ. ಶಾಲೆಯ ಮೊದಲ ದಿನ ಹೇಗಿತ್ತೆಂದು ಊಟದ ಹೊತ್ತಿಗೆ ವಿಚಾರಣೆ ನಡೆಯುತ್ತದೆ. ಈ ಇನ್ನೊಂದು ಮನೆಯ ಮೊದಲ ದಿನ ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಆಡಿದ ಮೊದಲ ಮಾತಿಗೇ ಹತ್ತು ಜನ ನಕ್ಕಿರಬಹುದು. ಹುಡುಗಿ ಮೊಬೈಲು ಬದಿಗಿಟ್ಟು ಸುಮ್ಮನೆ ಅನ್ನ ಕಲಸುತ್ತಿರಬಹುದು.

ತೊಂದರೆ ಹೊಸದೇನಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸುದ್ದಿ ಸಾಗಿಸುವ ಉಪಾಯ ಹೂಡಿದರು. ಮರುವರ್ಷ ಶುರುವಾದ ಆ ವ್ಯವಸ್ಥೆಗೆ ಯೂಸ್‌ನೆಟ್ ಎಂದು ಹೆಸರು. ಊರೂರಿಗೂ ನಕಲಾಗಿ ಹೋಗುವ ನೋಟೀಸು ಬೋರ್ಡು ಅಂದುಕೊಳ್ಳಿ. ವಿಜ್ಞಾನಕ್ಕೊಂದು ಬೋರ್ಡು, ಅಡಿಗೆಗೊಂದು, ಟಿವಿ ಧಾರಾವಾಹಿಗೊಂದು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು. ಆದರೆ ತಂತಿಯ ವೇಗ ಕಡಿಮೆ, ಖರ್ಚು ಹೆಚ್ಚು. ಮುಂದೆ ಪರ್ಲ್ ಭಾಷೆ ರಚಿಸಿ ಹೆಸರಾದ ಲ್ಯಾರಿ ವಾಲ್ ಸುದ್ದಿ ಓದಲು ಒಂದು ಪ್ರೋಗ್ರಾಂ ಬರೆದರಲ್ಲ, ಅದರ ಜೊತೆಗಿದ್ದ ಬರೆಯುವ ಸಾಧನ ಒಂದು ಎಚ್ಚರಿಕೆ ಕೊಡುತ್ತಿತ್ತು. ನಿಮ್ಮ ಮಾತು ಸಾವಿರಾರು ಯಂತ್ರಗಳಿಗೆ ಹೋಗಲಿದೆ, ಅದಕ್ಕೆ ನೂರಾರು, ಸಾವಿರಾರು ಡಾಲರು ಖರ್ಚಾಗಲಿದೆ, ಕಳಿಸುವುದು ಖಂಡಿತವೇ ಎಂದು ಕೇಳುತ್ತಿತ್ತು. ಇವತ್ತು ಬೆಳಗಿನ ಶುಭೋದಯದ ಚಿತ್ರಗಳಿಗೂ ಇಂಥದೊಂದು ಪ್ರಶ್ನೆ ಇದ್ದಿದ್ದರೆ ಚೆನ್ನಿತ್ತು!

ಅಮೆರಿಕದ ಕಾಲೇಜುಗಳಲ್ಲಿ ಸೆಪ್ಟೆಂಬರ್ ಹೊಸ ಹುಡುಗರ ತಿಂಗಳು, ಇಲ್ಲಿನ ಜೂನ್ ಇದ್ದ ಹಾಗೆ. ಅವರಿಗೆ ಕಂಪ್ಯೂಟರಿನ ಖಾತೆ ಸಿಕ್ಕ ಕೂಡಲೇ ಯೂಸ್‌ನೆಟ್ಟಿನಲ್ಲಿ ಗದ್ದಲ. ಕೇಳಿದ್ದನ್ನೇ ಕೇಳುವುದು, ಎರಡು ಪುಟದ ಓಲೆಯನ್ನು ಇಡಿಯಾಗಿ ನಕಲಿಸಿ ಕೆಳಗೆ "ನನಗೂ ಹಾಗೇ ಅನಿಸಿತು" ಎಂದು ಒಂದು ಸಾಲು ಸೇರಿಸುವುದು. ಒಂದೆರಡು ತಿಂಗಳಲ್ಲಿ ಅವರು ಕಲಿಯುತ್ತಿದ್ದರು, ಇಲ್ಲವೆ ಬೇಸತ್ತು ಬಿಡುತ್ತಿದ್ದರು. 1993-94ರ ಹೊತ್ತಿಗೆ ಅಮೆರಿಕಾ ಆನ್‌ಲೈನ್‌ನಂಥ ಕಂಪನಿಗಳು ತಮ್ಮ ಲಕ್ಷಾಂತರ ಗಿರಾಕಿಗಳಿಗೆ ಇದೇ ಬಾಗಿಲು ತೆರೆದವು. ಹೊಸಬರು ತಿಂಗಳು ತಿಂಗಳೂ ಬರತೊಡಗಿದರು. ಮುಗಿಯದ ಸೆಪ್ಟೆಂಬರ್ ಎಂದು ಹಳಬರು ಅದಕ್ಕೆ ಹೆಸರಿಟ್ಟು ನಿಟ್ಟುಸಿರು ಬಿಟ್ಟರು.

ಹಳಬರ ನಡವಳಿಕೆಯೂ ಎಲ್ಲ ಕಡೆ ಚೆನ್ನಾಗಿತ್ತೆಂದು ಹೇಳುವಂತಿಲ್ಲ. ಊರಮಾತು, ಗಾಳಿಸುದ್ದಿಗಳನ್ನು ಚರ್ಚಿಸುವ ಒಂದು ಬಳಗದಲ್ಲಿ ಹಳಬರು ಬೇಕೆಂದೇ ಪೆದ್ದು ಪ್ರಶ್ನೆ ಎಸೆಯುತ್ತಿದ್ದರು. ಒಳಗಿನವರಿಗೆ ಅದು ಗಾಳವೆಂದು ಗೊತ್ತು. ಹೊಸಬ ಗಂಭೀರವಾಗಿ ಉತ್ತರ ಬರೆದನೋ, ಮೀನು ಸಿಕ್ಕಿತು! ಯಾರ ಮಾತು ಬೇಡವೋ ಅವರ ಹೆಸರನ್ನು ಒಂದು ಪಟ್ಟಿಗೆ ಸೇರಿಸಿದರೆ ಅವರ ಓಲೆಗಳು ಮುಂದೆ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗೆ ಸೇರಿಸಿದ್ದನ್ನು "ಪ್ಲಾಂಕ್" ಎಂದು ಬರೆದು ಎಲ್ಲರೆದುರು ಸಾರುವುದೂ ಇತ್ತು. ತಳಕ್ಕೆ ಬಿದ್ದ ಸದ್ದಂತೆ ಅದು. ಇದು ಹಾಸ್ಟೆಲಿನ ರ‍್ಯಾಗಿಂಗಿನ ತಮ್ಮನೇ. ಅಲ್ಲಿನ ಹಾಗೆ ಇಲ್ಲಿಯೂ "ನಾವು ಅನುಭವಿಸಲಿಲ್ಲವೇ" ಎಂಬುದೇ ಸಮರ್ಥನೆ.

ಅದೇ ಯೂಸ್‌ನೆಟ್ಟಿನಲ್ಲಿ ಬೇರೆ ರೀತಿ ಬಾಳಿದ ಮನೆಯೂ ಒಂದಿತ್ತು, ಹಗಲು ಹೊತ್ತಿನ ಧಾರಾವಾಹಿಗಳ ಅಭಿಮಾನಿಗಳದು. ನ್ಯಾನ್ಸಿ ಬೇಮ್ ಎಂಬ ವಿದ್ಯಾರ್ಥಿನಿ 1990ರ ಸುಮಾರಿಗೆ ಅಲ್ಲಿಗೆ ಅಭಿಮಾನಿಯಾಗಿಯೇ ಹೋದವರು, ಆಮೇಲೆ ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡು 2000ದಲ್ಲಿ ಪುಸ್ತಕ ತಂದರು. ಅಲ್ಲಿನ ಸದಸ್ಯರಲ್ಲಿ ಹೆಂಗಸರೇ ಹೆಚ್ಚು. ವಿಶ್ವವಿದ್ಯಾಲಯ, ಕಂಪನಿಗಳಲ್ಲಿ ದುಡಿಯುವವರು. ಧಾರಾವಾಹಿ ಮಧ್ಯಾಹ್ನ ಬರುತ್ತದೆ, ಆಗ ಇವರು ಆಫೀಸಿನಲ್ಲಿ. ವಿಸಿಆರ್‌ನಲ್ಲಿ ರೆಕಾರ್ಡು ಮಾಡಿಟ್ಟು ರಾತ್ರಿ ನೋಡಬೇಕು. ಅದೂ ತಪ್ಪಿಹೋದವರಿಗಾಗಿ "ಆಲ್ ಮೈ ಚಿಲ್ಡ್ರನ್" ಧಾರಾವಾಹಿಯ ಅಂದಂದಿನ ಕಥೆಯನ್ನು ಬರೆದು ಹಾಕುವ ಸ್ವಯಂಸೇವಕರಿದ್ದರು. ಪುಕ್ಕಟೆ ಕೆಲಸ. ಆ ಬರಹಗಳಲ್ಲಿ ಕಥೆಗಿಂತ ಚೇಷ್ಟೆಯೇ ರುಚಿಯಾಗಿರುತ್ತಿದ್ದುದೂ ಉಂಟು.

ಈ ಮನೆಯ ರೀತಿನೀತಿಗಳು ಇಂಥ ಬದುಕಿನಿಂದಲೇ ಹುಟ್ಟಿದವು. ಓಲೆಯ ತಲೆಬರಹದಲ್ಲಿ ಧಾರಾವಾಹಿಯ ಹೆಸರಿನ ಮೊದಲಕ್ಷರಗಳು ಇರಬೇಕು, ಬೇರೆ ಧಾರಾವಾಹಿ ನೋಡುವವರು ದಾಟಿಕೊಂಡು ಹೋಗಲಿ ಎಂದು. ಹರಟೆ ದಾರಿ ತಪ್ಪಿ ಮಕ್ಕಳ ಜ್ವರ, ಬೆಕ್ಕಿನ ಬಾಣಂತನದತ್ತ ಹೊರಳಿದರೆ ಅದಕ್ಕೂ ಒಂದು ಗುರುತು. ಮುಂದಿನ ಕಥೆ ಬಿಟ್ಟುಕೊಡುವುದಿದ್ದರೆ ಮೊದಲೇ ಎಚ್ಚರಿಕೆ. ಕಥೆಯ ಗುಟ್ಟು ಕಾಪಾಡಲು ಯೂಸ್‌ನೆಟ್ಟಿನ ಅಭಿಮಾನಿಗಳು ಹೂಡಿದ ಉಪಾಯಗಳು ಚೆನ್ನಾಗಿವೆ. ಆಗಿನ ತೆರೆಯಲ್ಲಿ ಸಾಮಾನ್ಯವಾಗಿ ಹಿಡಿಯುತ್ತಿದ್ದುದು 24 ಸಾಲು. ಆದ್ದರಿಂದ ಓಲೆಯ ಮೇಲ್ಭಾಗದಲ್ಲಿ ಅಷ್ಟು ಖಾಲಿ ಸಾಲು ಬಿಟ್ಟರೆ ಗುಟ್ಟು ಕೆಳಗೆ ಅಡಗುತ್ತಿತ್ತು. ಇನ್ನೊಂದು ಉಪಾಯದಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರವನ್ನೂ 13 ಮನೆ ಮುಂದಕ್ಕೆ ಸರಿಸುವುದು. ಅಕ್ಷರಗಳು ಇರುವುದೇ 26. ಇನ್ನೊಮ್ಮೆ 13 ಮನೆ ಸರಿಸಿದರೆ ಮೊದಲಿನದೇ ಬಂದು ನಿಲ್ಲುತ್ತದೆ. ಕಟ್ಟಲೂ ಬಿಚ್ಚಲೂ ಒಂದೇ ಕೀಲಿ. ಬಚ್ಚಿಡುವ ಹಟ ಅದರಲ್ಲಿರಲಿಲ್ಲ, ಓದುವವರು ತಾವಾಗಿ ಬಯಸಿ ಬಿಚ್ಚಿಕೊಳ್ಳಲಿ ಎಂಬ ಸೌಜನ್ಯವಷ್ಟೆ.

ಹೊಸಬರನ್ನು ಅವರು ಬರಮಾಡಿಕೊಂಡ ಬಗೆಯನ್ನು ಬೇಮ್ ಅವರ ಪುಸ್ತಕದಲ್ಲೇ ನೋಡಬೇಕು. ತಿಂಗಳುಗಟ್ಟಲೆ ಸುಮ್ಮನೆ ಓದುತ್ತಿದ್ದವರು ಒಂದು ದಿನ ಧೈರ್ಯ ಮಾಡಿ ತಮ್ಮ ಪರಿಚಯ ಹೇಳಿಕೊಂಡು ಬರೆಯುತ್ತಿದ್ದರು. ಒಳಗಿನವರು ಸ್ವಾಗತ ಹೇಳುತ್ತಿದ್ದರು. ಪಾತ್ರವೊಂದರ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಎದುರಿನವರ ಹೆಸರು ಹಿಡಿದು ಕರೆದು, ಅವರ ಮಾತಿನಲ್ಲಿ ಒಪ್ಪುವ ಭಾಗವನ್ನು ಒಪ್ಪಿ, "ನನಗೆ ತೋಚಿದ್ದು" ಎಂದು ಸೇರಿಸಿ ತಮ್ಮ ಮಾತು ಹೇಳುವ ರೂಢಿ ಅಲ್ಲಿತ್ತು. ಅದನ್ನು ನಿಯಮವಾಗಿ ಯಾರಿಗೂ ಕಲಿಸುವ ಅಗತ್ಯ ಬೀಳಲಿಲ್ಲ. ತಿಂಗಳುಗಟ್ಟಲೆ ಓದಿದವರಿಗೆ ತಾನಾಗಿ ಅಂಟಿಕೊಳ್ಳುತ್ತಿತ್ತು, ಗಂಡನ ಮನೆಗೆ ಹೋದವಳಿಗೆ ಆ ಊರಿನ ಮಾತಿನ ರಾಗ ಅಂಟುವ ಹಾಗೆ.

ನಿಯಮ ಬರೆದವರಿಗೂ ಇದು ತಿಳಿದಿತ್ತು. ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ 1995ರಲ್ಲಿ ಅಂತರಜಾಲದ ಶಿಷ್ಟಾಚಾರದ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಬರೆಯುವ ಮೊದಲು ಒಂದೆರಡು ತಿಂಗಳು ಬರೀ ಓದಿ ಎನ್ನುತ್ತದೆ ಅದು. ಸಿಟ್ಟಿನ ಉತ್ತರವಿದ್ದರೆ ಒಂದು ರಾತ್ರಿ ಕಳೆಯಲಿ ಎನ್ನುತ್ತದೆ. ಬ್ರ್ಯಾಡ್ ಟೆಂಪಲ್‌ಟನ್ ಎಂಬವರು ಇದನ್ನೇ ತಿರುಗಿಸಿ ಹಾಸ್ಯ ಮಾಡಿದ್ದರು. ಎಮಿಲಿ ಪೋಸ್ಟ್‌ನ್ಯೂಸ್ ಎಂಬ ಕಲ್ಪಿತ ಹೆಂಗಸು ಓದುಗರ ಪ್ರಶ್ನೆಗಳಿಗೆ ಅತ್ಯಂತ ಮರ್ಯಾದೆಯಿಂದ, ಅತ್ಯಂತ ತಪ್ಪು ಸಲಹೆ ಕೊಡುತ್ತಾಳೆ. 1922ರಲ್ಲಿ ಶಿಷ್ಟಾಚಾರದ ದೊಡ್ಡ ಪುಸ್ತಕ ಬರೆದ ಎಮಿಲಿ ಪೋಸ್ಟ್ ಅವರ ಹೆಸರಿನ ಮೇಲಿನ ತಮಾಷೆ ಅದು. ನೀತಿ ಬೋಧನೆಗೆ ಮುಖ ತಿರುಗಿಸುವ ಹುಡುಗರೂ ನಗುವಾಗ ಕಿವಿ ತೆರೆದಿರುತ್ತಾರೆ ಎಂಬುದು ಟೆಂಪಲ್‌ಟನ್‌ಗೆ ಗೊತ್ತಿದ್ದಿರಬೇಕು.

ಬೈದರೆ ಹೊಸಬರು ಓಡಿಹೋಗುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಎಲಿಜಬೆತ್ ಜಾಯ್ಸ್ ಮತ್ತು ರಾಬರ್ಟ್ ಕ್ರೌಟ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಉತ್ತರ ಸ್ವಲ್ಪ ಬೇರೆ. ಮೊದಲ ಓಲೆಗೆ ಉತ್ತರ ಬಂದವರು ಮತ್ತೆ ಬರೆಯುವ ಸಾಧ್ಯತೆ ಹೆಚ್ಚು. ಆ ಉತ್ತರದ ಧಾಟಿ ಸಿಹಿಯೋ ಕಹಿಯೋ ಎಂಬುದರಿಂದ ಅಷ್ಟಾಗಿ ವ್ಯತ್ಯಾಸ ಕಾಣಲಿಲ್ಲ. ಅಂದಮೇಲೆ ಒರಟಾಗಿದ್ದರೂ ನಡೆಯುತ್ತದೆ ಎಂದು ಹಳಬರು ಹಿಗ್ಗಬೇಕಾಗಿಲ್ಲ. ಹಿರಿಯರೆಲ್ಲ ಸಭ್ಯರಾಗಿ ಸುಮ್ಮನೆ ಕೂತಿರುವ ಬಳಗವೂ ಹೊಸಬರನ್ನು ಕಳಕೊಳ್ಳುತ್ತದೆ ಎಂಬುದನ್ನು ಇಲ್ಲಿ ಓದಿಕೊಳ್ಳಬೇಕು. ಬಾಗಿಲು ತಟ್ಟಿದವರಿಗೆ ಒಳಗಿನಿಂದ ಒಂದು ಕೆಮ್ಮಾದರೂ ಕೇಳಿಸಲಿ.

ಹಾಗಾದರೆ ನಿಯಮದ ಹಲಗೆಗೆ ಬೆಲೆಯಿಲ್ಲವೇ? ಇದೆ. ಜೆ. ನೇಥನ್ ಮಥಾಯಸ್ ಎಂಬ ಸಂಶೋಧಕ ರೆಡಿಟ್ ತಾಣದ ವಿಜ್ಞಾನ ಬಳಗದ 2,190 ಚರ್ಚೆಗಳಲ್ಲಿ ಪ್ರಯೋಗ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಚರ್ಚೆಗಳ ಮೇಲುಗಡೆ ನಿಯಮಗಳನ್ನು ಎದ್ದು ಕಾಣುವಂತೆ ಇಟ್ಟರು, ಕೆಲವಕ್ಕೆ ಇಡಲಿಲ್ಲ. ಇಟ್ಟ ಕಡೆ ನಿಯಮ ಪಾಲಿಸಿದ ಹೊಸಬರ ಪ್ರಮಾಣ ನೂರಕ್ಕೆ 8ರಷ್ಟು ಏರಿತು. ಮಾತಾಡಲು ಮುಂದೆ ಬಂದ ಹೊಸಬರ ಸಂಖ್ಯೆಯೂ ಸರಾಸರಿ ಶೇಕಡ 70ರಷ್ಟು ಹೆಚ್ಚಿತು. ನಿಯಮ ಕಂಡರೆ ಜನ ಹೆದರಿ ದೂರ ನಿಲ್ಲುತ್ತಾರೆಂಬ ಅಳುಕು ಅಲ್ಲಿ ಸುಳ್ಳಾಯಿತು. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿದರೆ ಒಳಗೆ ಕಾಲಿಡಲು ಸಂಕೋಚ ಕಡಿಮೆ, ಅಷ್ಟೆ.

ಕನ್ನಡದ ಹುಡುಗರಿಗೆ ಈ ಮನೆಗಳಲ್ಲಿ ಇನ್ನೂ ಒಂದೆರಡು ಎಡವುಗಲ್ಲುಗಳಿವೆ. ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ ಎಂಬುದು ಅಂತರಜಾಲದ ಹಳೆಯ ನಂಬಿಕೆ, ಹ್ಯಾಂಬ್ರಿಜ್ ಕೈಪಿಡಿಯಲ್ಲೂ ಇದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲವಲ್ಲ! ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಒಂದು ಗುಂಡಿ ಒತ್ತಿಟ್ಟು ಕಷ್ಟಪಟ್ಟು ನಾಲ್ಕು ಸಾಲು ಇಂಗ್ಲಿಷು ಟೈಪು ಮಾಡಿದರೆ, "ಯಾಕೆ ಅರಚುತ್ತೀಯ" ಎಂಬ ಉತ್ತರ ಬರುತ್ತದೆ. ತಾನು ಮಾಡಿದ ತಪ್ಪು ಯಾವುದೆಂದೇ ಅವನಿಗೆ ಹೊಳೆಯುವುದಿಲ್ಲ. ಕನ್ನಡದ್ದೇ ಬಳಗಗಳಲ್ಲಿ ತೊಡಕು ಬೇರೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ, ಇಲ್ಲಿ ಬಾಯಿ ತೆರೆಯುವ ಮೊದಲೇ ನೀನೋ ನೀವೋ ತೀರ್ಮಾನವಾಗಬೇಕು. ಬೆಂಗಳೂರಿನ ಹುಡುಗ ಸಲಿಗೆಯಿಂದ "ಏನ್ ಮಗಾ" ಎಂದದ್ದು ನಿವೃತ್ತ ಮೇಷ್ಟ್ರೊಬ್ಬರಿಗೆ ಆಗಿರಬಹುದು. ಹೆಸರಿನ ಜಾಗದಲ್ಲಿ ಯಾವುದೋ ನಟನ ಬಿರುದು, ಚಿತ್ರದಲ್ಲಿ ಹುಲಿ. ವಯಸ್ಸು ತಿಳಿಯುವುದಾದರೂ ಹೇಗೆ? ಗುರುತಾಗುವ ತನಕ ಎಲ್ಲರೂ ನೀವು ಎಂಬ ರೂಢಿಯೇ ಕ್ಷೇಮ. ನೀವು ಎಂದು ಕರೆಸಿಕೊಂಡು ಮುನಿಸಿಕೊಂಡವರು ಕಡಿಮೆ.

ತಂದೆತಾಯಂದಿರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವರ್ಜೀನಿಯಾ ಶಿಯಾ 1994ರಲ್ಲಿ ಬರೆದ ಶಿಷ್ಟಾಚಾರದ ಪುಸ್ತಕ, ಇನ್ನೊಬ್ಬರ ತಪ್ಪನ್ನು ಕ್ಷಮಿಸಿ, ಹೇಳಲೇಬೇಕಾದರೆ ಎಲ್ಲರೆದುರಿಗಿಂತ ಖಾಸಗಿಯಾಗಿ ಹೇಳಿ ಎಂದು ತಿಳಿಸುತ್ತದೆ. ದೊಡ್ಡವರ ನಡುವೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಇವತ್ತಿನ ಬಳಗದಲ್ಲಿ ಹೊಸಬರೆಂದರೆ ಎಷ್ಟೋ ಸಲ ಹದಿಮೂರು ಹದಿನಾಲ್ಕರ ಮಕ್ಕಳು. ಅಪರಿಚಿತ ಹಿರಿಯರು ಒಬ್ಬರನ್ನೇ ಬದಿಗೆ ಕರೆದು "ನಾನು ಹೇಳಿಕೊಡುತ್ತೇನೆ" ಎನ್ನುವುದು ಸೌಜನ್ಯವೂ ಇರಬಹುದು, ಬಲೆಯೂ ಇರಬಹುದು. ಓಲೆಯ ತಪ್ಪು ತಿದ್ದುವವರಿಗೆ ಹುಡುಗಿಯ ಊರು, ಶಾಲೆ, ಫೋಟೋ ಯಾಕೆ ಬೇಕು? ಹಾಗೆ ಕೇಳಿದ ಕ್ಷಣವೇ ಮಾತು ನಿಲ್ಲಿಸಿ ಮನೆಯವರಿಗೆ ತಿಳಿಸಬೇಕೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಮೊಬೈಲು ಕಿತ್ತುಕೊಳ್ಳುವ ಭಯವಿದ್ದರೆ ಮಕ್ಕಳು ತಿಳಿಸುವುದಿಲ್ಲ, ಅದೂ ನಿಜ.

ಆದ್ದರಿಂದ ಮಕ್ಕಳು ಸೇರುವ ಬಳಗಗಳಲ್ಲಿ ತಿದ್ದುವುದು ಬಯಲಲ್ಲೇ ನಡೆಯಬೇಕು, ಹಾಗೆಂದೇ ಎರಡು ಪಟ್ಟು ಮೃದುವಾಗಿ ನಡೆಯಬೇಕು. ನಿನ್ನೆ ರಾತ್ರಿ ಬಿಡುಗಡೆಯಾದ ಕಂತಿನಲ್ಲಿ ಯಾರು ಸತ್ತರೆಂದು ಹೊಸ ಹುಡುಗಿಯೊಬ್ಬಳು ಉತ್ಸಾಹದಲ್ಲಿ ಬರೆದುಬಿಟ್ಟಳು ಎನ್ನಿ. "ನಿಯಮ ಓದಲು ಬರುವುದಿಲ್ಲವೇ" ಎಂದು ಬರೆಯಲು ಅರ್ಧ ನಿಮಿಷ ಸಾಕು. ಇನ್ನೊಂದು ಉತ್ತರಕ್ಕೆ ಎರಡು ನಿಮಿಷ ಹಿಡಿಯುತ್ತದೆ: "ಬನ್ನಿ, ನಿಮಗೂ ಆ ಪಾತ್ರ ಇಷ್ಟವಿತ್ತೇ? ಇನ್ನೂ ಕೆಲವರು ನೋಡಿಲ್ಲ, ಇವತ್ತು ಸಂಜೆ ನೋಡುತ್ತಾರೆ. ಈ ಡಿಸ್ಕಾರ್ಡ್‌ನಲ್ಲಿ ವಾಕ್ಯದ ಆಚೆಗೆರಡು ಈಚೆಗೆರಡು ನೆಟ್ಟಗಿನ ಗೆರೆ ಹಾಕಿದರೆ ಅದು ಮುಚ್ಚಿಕೊಳ್ಳುತ್ತದೆ, ಒತ್ತಿದವರಿಗೆ ಮಾತ್ರ ಕಾಣುತ್ತದೆ. ಆ ಗೆರೆ ಸಾಮಾನ್ಯವಾಗಿ ಕೀಬೋರ್ಡಿನ ಬಲಗಡೆ, ಎಂಟರ್ ಗುಂಡಿಯ ಆಸುಪಾಸಿನಲ್ಲಿರುತ್ತದೆ. ಬರೆದದ್ದನ್ನು ಹಾಗೆ ತಿದ್ದಿಬಿಡಿ, ಸಂಜೆ ಎಲ್ಲರೂ ಸೇರಿ ಮಾತಾಡೋಣ."