ಏರು ಬಂದರೆ ಏದುಸಿರು

ಹುರುಳಿ ಒಕ್ಕಣೆಯ ಕಾಲ. ನೆಂಟರು ಬಂದಿದ್ದರು. ಕನಕಪುರಕ್ಕೆ ಬಂದವರನ್ನು ಸಂಗಮಕ್ಕೆ ಕರೆದೊಯ್ಯದೆ ಕಳಿಸಿದರೆ ನಮಗೆ ಸಮಾಧಾನವಿರುವುದಿಲ್ಲ. ಅರ್ಕಾವತಿ ಕಾವೇರಿಯನ್ನು ಸೇರುವ ಆ ಜಾಗಕ್ಕೆ ಹೋಗುವಾಗ ಇಳಿಜಾರು. ಕಾರು ತಾನಾಗಿಯೇ ಓಡಿತು. ಬರುವಾಗ ಏರು. ನದಿಯ ದಂಡೆ ಬಿಟ್ಟು ಮೂರು ತಿರುವು ದಾಟಿರಲಿಲ್ಲ, ಆಕ್ಸಿಲರೇಟರನ್ನು ಎಷ್ಟು ತುಳಿದರೂ ಕಾರು ಮುದಿ ಎತ್ತಿನಂತೆ ಮುಗ್ಗರಿಸತೊಡಗಿತು. ಉಷ್ಣತೆಯ ಮುಳ್ಳು ನಡುಮಧ್ಯದಿಂದ ಮೇಲಕ್ಕೆ ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ.

“ರೀ, ನಿಲ್ಲಿಸಿ ಮೊದಲು” ಎಂದಳು ನನ್ನಾಕೆ.

ನಿಲ್ಲಿಸಿದೆ. ನನ್ನ ಭಾವಮೈದುನ ನೀರಿನ ಬಾಟಲಿ ಹಿಡಿದು, ಟವೆಲು ಸುತ್ತಿದ ಕೈಯಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಲು ಹೊರಟೇಬಿಟ್ಟ. ಓಡಿ ಹೋಗಿ ತಡೆದೆ. ಪೋಷಕರು ದಯವಿಟ್ಟು ಇದನ್ನು ಮಕ್ಕಳಿಗೂ ಹೇಳಿಕೊಡಿ. ಅಡುಗೆಮನೆಯ ಕುಕ್ಕರಿನಲ್ಲಿ ನಡೆಯುವುದೇ ಅಲ್ಲೂ ನಡೆಯುತ್ತದೆ. ವಾತಾವರಣದ ಎರಡರಷ್ಟು ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ, ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಸೀಟಿ ಇಳಿಯದೆ ಕುಕ್ಕರ್ ತೆರೆಯಬಾರದೆಂದು ಗೊತ್ತಿರುವ ಮನೆಗಳಲ್ಲೇ ಈ ತಪ್ಪು ನಡೆಯುತ್ತದೆ ಎಂಬುದೇ ಸೋಜಿಗ.

ಮುಕ್ಕಾಲು ಗಂಟೆ ಮರದ ನೆರಳಿನಲ್ಲಿ ಕೂತೆವು. ಆಮೇಲೆ ಏಸಿ ಆರಿಸಿ, ಸುಡುಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು, ಕಿಟಕಿ ಇಳಿಸಿ ನಿಧಾನವಾಗಿ ಊರು ಸೇರಿದೆವು. ಹೀಟರ್ ಏಕೆಂದರೆ, ಅದೂ ಒಂದು ಪುಟ್ಟ ರೇಡಿಯೇಟರೇ. ಇಂಜಿನ್ನಿನ ಶಾಖವನ್ನೇ ಒಳಗೆ ಊದುತ್ತದೆ. ನೆಂಟರು ನನ್ನ ಬುದ್ಧಿಗೆ ಏನೋ ಆಗಿದೆ ಎಂದುಕೊಂಡಿರಬೇಕು.

ಮಾರನೆಯ ದಿನ ಒಂದು ಗ್ಯಾರೇಜಿಗೆ ಒಯ್ದೆ. ಇಂಜಿನ್ ಚಾಲೂ ಮಾಡಿ, ನಿಂತಲ್ಲೇ ನಾಲ್ಕು ಸಲ ಗುರುಗುಟ್ಟಿಸಿ, “ಟರ್ಬೊ ಹೋಗಿದೆ, ಹೊಸದು ಹಾಕಬೇಕು” ಎಂದರು. ಹೇಳಿದ ಮೊತ್ತ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣಕ್ಕಿಂತ ಹೆಚ್ಚು. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಪವರ್ ಇಲ್ಲ, ಹೀಟ್ ಆಗ್ತಿದೆ, ಇನ್ನೇನು ಸಾರ್?” ನಾಳೆ ಹೇಳುತ್ತೇನೆಂದು ಕಾರನ್ನು ಮನೆಗೆ ತಂದೆ.

ಟರ್ಬೊ ಎಂದರೆ ಮಂತ್ರವೇನಲ್ಲ. ಡೀಸೆಲ್ ಉರಿದು ಬಂದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಜೊತೆ ವ್ಯರ್ಥವಾಗಿ ಹೊರಹೋಗುತ್ತದೆ. ಆ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಕಾರಿನ ಟರ್ಬೊದಲ್ಲಿ ಆ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪು ಹೊಡೆದ ಹುಡುಗರಿಗೆಲ್ಲ ಅದರ ತುದಿ ಬಿಸಿಯಾಗುವುದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ ಅದು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗಿದ ಗಾಳಿ. ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಇಂಜಿನ್ನಿಗೆ ಹೋಗುವ ಮುಂಚೆ ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಅದನ್ನು ತಣಿಸುತ್ತಾರೆ. 120 ಡಿಗ್ರಿಯ ಬದಲು 60 ಡಿಗ್ರಿಗೆ ಇಳಿಸಿದರೆ, ಅದೇ ಒತ್ತಡದಲ್ಲಿ, ಶೇಕಡ 18ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆಯುವ ಅನಿಲ ನಿಯಮವೇ ಇದು.

ನನ್ನ ಕಾರಿನಲ್ಲಿ ಇಂಟರ್‌ಕೂಲರ್, ಏಸಿಯ ಕಂಡೆನ್ಸರ್, ರೇಡಿಯೇಟರ್ ಮೂರೂ ಮೂತಿಯಲ್ಲಿ ಒಂದರ ಹಿಂದೊಂದು ನಿಂತಿವೆ. ಅದು ನೆನಪಾದದ್ದೇ ತಡ, ದೊಡ್ಡಾಲಹಳ್ಳಿಯ ಕಡೆ ರಸ್ತೆಯುದ್ದಕ್ಕೂ ಹಾಸಿದ್ದ ಹುರುಳಿ ಕಣ್ಣಿಗೆ ಕಟ್ಟಿತು. ಟಾರ್ಚ್ ಹಿಡಿದು ನೋಡಿದೆ. ಮುಂದಿನಿಂದ ಎಲ್ಲ ಶುಭ್ರ. ಜಾಲರಿಗಳ ನಡುವಿನ ಸಂದಿಯಲ್ಲಿ ಮಾತ್ರ ಹೊಟ್ಟು, ಧೂಳು, ಹುಳು ಸೇರಿ ಕಂಬಳಿಯಂತೆ ಕೂತಿದ್ದವು! ರಸ್ತೆಯನ್ನೇ ಕಣ ಮಾಡಿಕೊಂಡ ರೈತರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ; ನಮ್ಮಪ್ಪನೂ ಕೂಲಿಯಾಳು ಸಿಗದ ವರ್ಷ ಅದನ್ನೇ ಮಾಡಿದ್ದ. ಆದರೆ ಒಣಬಳ್ಳಿ ಅಡಿಯ ಬಿಸಿ ಕೊಳವೆಗೆ ಸುತ್ತಿಕೊಂಡು ಕಾರಿಗೆ ಬೆಂಕಿ ಬಿದ್ದದ್ದೂ ಉಂಟು, ಎಚ್ಚರವಿರಲಿ.

ಭಾನುವಾರವಿಡೀ ಕೂತು, ಹಳೆಯ ಬ್ರಷ್ಷಿನಿಂದ ಬಿಡಿಸಿ, ಹಿಂದಿನಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆದೆ. ರಭಸದ ನೀರು ತೆಳ್ಳನೆಯ ರೆಕ್ಕೆಗಳನ್ನು ಮಡಚಿಬಿಡುತ್ತದೆ. ನನ್ನ ಸಿದ್ಧಾಂತ ನನಗೇ ಬಹಳ ಹಿಡಿಸಿತ್ತು. ಒಂದೇ ಕಾರಣ, ಎರಡು ರೋಗ. ನೀರೂ ತಣಿಯುತ್ತಿಲ್ಲ, ಗಾಳಿಯೂ ತಣಿಯುತ್ತಿಲ್ಲ. ಸೋಮವಾರ ಹತ್ತನೆಯ ತರಗತಿಯಲ್ಲಿ ಇದನ್ನೇ ಅರ್ಧ ಪೀರಿಯಡ್ ಹೇಳಿದೆ.

ಸಂಜೆ ಏರು ಹತ್ತಿಸಿ ನೋಡಿದೆ. ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಆದರೆ ಕಾರು ಮಾತ್ರ ಅದೇ ಮುದಿ ಎತ್ತು.

ಪೆಚ್ಚಾಗಿ ಮರಳುವಾಗ ರಸ್ತೆ ಬದಿಯ ಒಂದು ಪುಟ್ಟ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅದನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲೇ ಫೇಲಾದವನು. ಅವನ ಪ್ರಗತಿಪತ್ರದಲ್ಲಿ ‘ಗಮನವಿಲ್ಲ’ ಎಂದು ಬರೆದಿದ್ದವನು ನಾನೇ.

ಅವನು ಬಾನೆಟ್ ಮುಟ್ಟಲಿಲ್ಲ. “ಹೊಗೆ ಯಾವ ಬಣ್ಣ ಸಾ? ನೀಲಿ ಆದ್ರೆ ಆಯಿಲ್ ಸುಡ್ತಾ ಅದೆ. ಕಪ್ಪಾ?”

ಕಪ್ಪು ಎಂದೆ. ಎಂದಾಗಲೇ ನಾಲಿಗೆ ಕಚ್ಚಿಕೊಂಡೆ. ಮೊದಲ ದಿನವೇ ನೋಡಿದ್ದ ಆ ಕಪ್ಪು ಹೊಗೆ ನನ್ನ ಸಿದ್ಧಾಂತದೊಳಗೆ ಎಲ್ಲಿಯೂ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೇ ನಾನು ಅದನ್ನು ಮರೆತಿದ್ದೆ.

“ಏರಲ್ಲಿ ಬುಸ್ ಅನ್ನೋ ಸದ್ದು ಬರ್ತದಾ?” ಬರುತ್ತದೆಯೋ ಏನೋ, ನಾನು ಕಿವಿಗೊಟ್ಟಿರಲಿಲ್ಲ. “ಅಂಗಾದ್ರೆ ಟರ್ಬೊ ಚೆನ್ನಾಗೇ ಇರ್ಬೋದು ಸಾ. ಅದು ಊದಿದ್ ಗಾಳಿ ದಾರೀಲಿ ಸೋರ್ತಾ ಇರ್ಬೋದು. ನಿಂತಾಗ ಅದು ಊದೋದೇ ಇಲ್ಲ, ನಿಲ್ಸಿ ನೋಡಿದ್ರೆ ಏನ್ ಗೊತ್ತಾಯ್ತದೆ?”

ಇಂಜಿನ್ ಆರಿಸಿ ತಣ್ಣಗಾಗಲು ಬಿಟ್ಟ. ಟರ್ಬೊದ ಬಾಯಿಗೆ ಬಿರಡೆ ಜಡಿದು, ಟೈರಿಗೆ ಹಿಡಿಸುವುದರ ಅರ್ಧದಷ್ಟೇ ಗಾಳಿ ಬಿಟ್ಟ. ಕೊಳವೆಗಳ ಮೇಲೆಲ್ಲ ಸೋಪಿನ ನೀರು ಚಿಮುಕಿಸಿದ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುವ ಉಪಾಯವೇ. ಇಂಟರ್‌ಕೂಲರಿನಿಂದ ಹೊರಡುವ ರಬ್ಬರ್ ಕೊಳವೆಯ ತಳದಲ್ಲಿ, ಕ್ಲಿಪ್ಪಿನ ಹಿಂದೆ, ಬುಳುಬುಳು ನೊರೆ ಎದ್ದಿತು. ಹೆಬ್ಬೆರಳ ಉಗುರಿನಷ್ಟು ಸೀಳು.

ಹೊರಗಿನಿಂದ ಬರುವ ಗಾಳಿಯನ್ನು ಅಳೆಯುವ ಸಾಧನ ಟರ್ಬೊದ ಮುಂಚೆ ಇದೆ, ಸೀಳು ಅದರ ಆಮೇಲೆ. ಅಳೆದ ಲೆಕ್ಕಕ್ಕೆ ತಕ್ಕ ಡೀಸೆಲ್ ಬೀಳುತ್ತದೆ, ಗಾಳಿ ಮಾತ್ರ ಅಷ್ಟು ತಲುಪುವುದಿಲ್ಲ. ಅರೆ ಉರಿದ ಡೀಸೆಲ್ಲೇ ಕಪ್ಪು ಹೊಗೆ. ರೋಗ ಎರಡು, ಕಾರಣವೂ ಎರಡು.

ಹೊಸ ಕೊಳವೆ ಬೆಂಗಳೂರಿನಿಂದ ಬರಲು ಎರಡು ದಿನ ಹಿಡಿಯಿತು. ಟರ್ಬೊಗೆ ಹೇಳಿದ್ದ ಮೊತ್ತದ ಮುಂದೆ ಅದರ ಬೆಲೆ ಚಿಲ್ಲರೆ. ಕೂಲಿ ಬೇಡವೆಂದ, ಬಲವಂತವಾಗಿ ಜೇಬಿಗೆ ತುರುಕಿದೆ. ಮಂಗಳವಾರ ತರಗತಿಗೆ ಹೋಗಿ, ಸೋಮವಾರ ಹೇಳಿದ್ದರಲ್ಲಿ ಅರ್ಧ ತಪ್ಪು ಎಂದು ಹೇಳಬೇಕಾಗಿ ಬಂತು. ಹಿಂದಿನ ಬೆಂಚಿನ ಒಬ್ಬ ಕೇಳಿಯೇ ಕೇಳಿದ: “ಯಾವ ಅರ್ಧ ಸಾರ್?”

ಹಳೆಯ ಬ್ರಷ್ಷು ಈಗ ಕಾರಿನ ಡಿಕ್ಕಿಯಲ್ಲೇ ಇದೆ.