ಸಾರಮೇಯರಥದಲ್ಲಿ ಐದು ದಿನ

ಸ್ವೀಡನ್ ದೇಶದ ಉತ್ತರಭಾಗದಲ್ಲಿ, ಧ್ರುವವೃತ್ತವನ್ನು ದಾಟಿ ಇನ್ನೂ ಸುಮಾರು 145 ಕಿಲೋಮೀಟರು ಮೇಲಕ್ಕೆ, ಕಿರುನಾ ಎಂಬ ಪಟ್ಟಣವಿದೆ. ಕಬ್ಬಿಣದ ಅದಿರಿನ ಗಣಿಯಿಂದ ಹುಟ್ಟಿದ ಊರು ಅದು. ಆ ಗಣಿಯೇ ಊರಿನ ಕೆಳಗಣ ನೆಲವನ್ನು ಸಡಿಲಿಸುತ್ತ ಬಂದಿರುವುದರಿಂದ ಈಗ ಊರನ್ನೇ ಕೆಲವು ಕಿಲೋಮೀಟರು ಪೂರ್ವಕ್ಕೆ ಸಾಗಿಸುತ್ತಿದ್ದಾರೆ. 1912ರಲ್ಲಿ ಕಟ್ಟಿದ ದೊಡ್ಡ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ, ಬಿಚ್ಚದೆ ಮುರಿಯದೆ, ಗಾಲಿಗಳ ಮೇಲೇರಿಸಿ ಎರಡು ದಿನಗಳಲ್ಲಿ ಹೊಸ ಸ್ಥಳಕ್ಕೆ ಒಯ್ದರು. ನಮ್ಮಲ್ಲಿ ದೇವರಿಗೆ ರಥೋತ್ಸವವಾದರೆ ಅವರಲ್ಲಿ ದೇವಾಲಯಕ್ಕೇ ರಥೋತ್ಸವವಾಯಿತು.

ಈ ಊರಿನ ಸುತ್ತಮುತ್ತ ಬಂಡಿಯೆಳೆಯುವ ನಾಯಿಗಳನ್ನು ಸಾಕಿಕೊಂಡಿರುವವರು ಹಲವರಿದ್ದಾರೆ. ಚಳಿಗಾಲದಲ್ಲಿ ಅವರು ಪರಸ್ಥಳದವರನ್ನು ನಾಲ್ಕಾರು ದಿನಗಳ ಹಿಮಯಾತ್ರೆಗೆ ಕರೆದೊಯ್ಯುವರು. ಸ್ಟಾಕ್‌ಹೋಮಿನಲ್ಲಿ ನೌಕರಿಯಲ್ಲಿರುವ ನಮ್ಮ ಅಳಿಯಂದಿರ ಒತ್ತಾಯದಿಂದ ನಾವೂ ಒಂದು ಮಾರ್ಚಿ ತಿಂಗಳಲ್ಲಿ ರಾತ್ರಿಯ ರೈಲು ಹತ್ತಿ ಅಲ್ಲಿಗೆ ಹೋದೆವು. ಡಿಸೆಂಬರಿನ ಮಧ್ಯದಿಂದ ವರ್ಷದ ಕೊನೆಯವರೆಗೆ ಅಲ್ಲಿ ಸೂರ್ಯನು ಮುಖವನ್ನೇ ತೋರಿಸುವುದಿಲ್ಲ. ಮಾರ್ಚಿಯಲ್ಲಾದರೋ ಹಗಲು ಹನ್ನೆರಡು ಗಂಟೆಯಷ್ಟಿರುವುದು, ಹಿಮವೂ ಗಟ್ಟಿಯಾಗಿರುವುದು.

ಹೊರಡುವ ಮುನ್ನ ನಮ್ಮ ಮನೆಯವರು ಒಂದು ಪ್ರಶ್ನೆ ಹಾಕಿದ್ದರು: “ಎತ್ತಿನಿಂದ ದುಡಿಸಿಕೊಂಡರೆ ಸಂಕ್ರಾಂತಿಯ ದಿನ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹುಗ್ಗಿ ತಿನ್ನಿಸುತ್ತೇವೆ. ಆ ನಾಯಿಗಳಿಗೇನುಂಟು?” ಕಂಡುಬಂದು ಹೇಳುವೆವೆಂದು ಮಾತುಕೊಟ್ಟೆವು.

ನಾಯಿಯ ಬಂಡಿಯು ಆ ದೇಶದ ಪುರಾತನ ವಾಹನವೆಂದು ಅನೇಕರು ತಿಳಿದಿರುವರು. ಹಾಗಲ್ಲ. ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗವನ್ನು ದೋಣಿಯಾಕಾರದ ಜಾರುಬಂಡಿಗೆ ಕಟ್ಟುತ್ತಿದ್ದರು. ನಾಯಿಯನ್ನು ಮಂದೆ ಕಾಯುವುದಕ್ಕೆ ಇಟ್ಟುಕೊಂಡಿದ್ದರು. ನಾಯಿಗಳ ಸಾಲುಬಂಡಿ ಗ್ರೀನ್‌ಲೆಂಡ್, ಅಲಾಸ್ಕಾಗಳ ಕಡೆಯಿಂದ ಬಂದ ವಿದ್ಯೆ. ನಾರ್ವೆಯ ಅಮುಂಡ್ಸನ್ ಎಂಬ ಸಾಹಸಿಯು 1911ರ ಡಿಸೆಂಬರ್ 14ರಂದು ದಕ್ಷಿಣಧ್ರುವವನ್ನು ಮೊದಲು ಮುಟ್ಟಿದುದು ಈ ವಿದ್ಯೆಯಿಂದಲೇ. ಆದರೆ ಅವನೊಡನೆ ಹೊರಟ ನಾಯಿಗಳು 52, ಮರಳಿದವು 11. ಉಳಿದವುಗಳಲ್ಲಿ ಹೆಚ್ಚಿನವನ್ನು ದಾರಿಯಲ್ಲಿ ಕೊಂದು ಮಿಕ್ಕ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡಿಕೊಂಡರು. ಅದು ಹೊರಡುವ ಮೊದಲೇ ಹಾಕಿದ್ದ ಲೆಕ್ಕ. ಭೂಗೋಳದ ಪಾಠದಲ್ಲಿ ಧ್ರುವವನ್ನು ಮುಟ್ಟಿದ ತಾರೀಖನ್ನು ಹೇಳುವರೇ ಹೊರತು ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಕಥೆಯುಂಟು. 1925ರಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ ಹಬ್ಬಿದಾಗ, ಔಷಧವನ್ನು ನಾಯಿಬಂಡಿಗಳವರು ಕೈಯಿಂದ ಕೈಗೆ ದಾಟಿಸುತ್ತ ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಿಮದ ಹಾದಿಯನ್ನು ಕ್ರಮಿಸಿದರು. ಅದರಲ್ಲಿ ಅತಿ ದೀರ್ಘವಾದ ಭಾಗವನ್ನು ಓಡಿಸಿದ ಸೆಪ್ಪಾಲ ಎಂಬಾತನು ಉತ್ತರ ನಾರ್ವೆಯಲ್ಲಿ ಹುಟ್ಟಿದವನು. ಅವನ ಮುಂದಾಳು ನಾಯಿ ಟೋಗೋವಿಗೆ ಆಗ ಹನ್ನೆರಡು ವರ್ಷ. ನಾಯಿಗಳ ಲೆಕ್ಕದಲ್ಲಿ ನಮಗಿಂತಲೂ ಹಿರಿಯ.

ಶ್ವಾನಶಾಲೆಗೆ ಕಾಲಿಟ್ಟಾಗ ಎಪ್ಪತ್ತು ಎಂಬತ್ತು ನಾಯಿಗಳು ಒಮ್ಮೆಗೇ ಊಳಿಟ್ಟವು. ಚಿತ್ರಪಟಗಳಲ್ಲಿ ಕಾಣುವ ತೋಳದಂಥ ದೈತ್ಯಗಳನ್ನು ನಿರೀಕ್ಷಿಸಿದ್ದ ನಮಗೆ, ನಮ್ಮ ಬೀದಿನಾಯಿಗಳಂತೆ ಸಣಕಲಾಗಿ ಉದ್ದಗಾಲಿನ ಪ್ರಾಣಿಗಳು ಕಂಡವು. ಅಲಾಸ್ಕಾದ ಹಸ್ಕಿ ಎಂದು ಕರೆಯುವ ಇವು ಒಂದು ಶುದ್ಧ ಜಾತಿಯಲ್ಲ. ಓಟಕ್ಕೂ ದುಡಿಮೆಗೂ ಆರಿಸಿ ಆರಿಸಿ ಬೆರೆಸಿದ ಸಂಕರ. ಕೆಲವಕ್ಕೆ ಕಣ್ಣುಗಳ ಮೇಲೆ ಎರಡು ತಿಳಿಬಣ್ಣದ ಬೊಟ್ಟುಗಳು. ಋಗ್ವೇದದಲ್ಲಿ ಯಮನ ಎರಡು ನಾಯಿಗಳನ್ನು, ಸರಮೆಯ ಮಕ್ಕಳನ್ನು, ನಾಲ್ಕು ಕಣ್ಣಿನವೆಂದು ಕರೆದಿರುವುದಕ್ಕೆ ಇಂಥ ಬೊಟ್ಟುಗಳೇ ಕಾರಣವೆಂದು ಹೇಳುವುದುಂಟು. ಮೂವತ್ತು ವರ್ಷ ಪಾಠ ಹೇಳಿದ ಮಾತಿಗೆ ಪ್ರತ್ಯಕ್ಷ ಪ್ರಮಾಣ ದೊರೆತುದು ಧ್ರುವವೃತ್ತದಾಚೆ!

ಮಾರ್ಗದರ್ಶಿಯಾಗಿ ಬಂದಾಕೆ ಇಪ್ಪತ್ತೈದರ ಆಸುಪಾಸಿನ ಒಬ್ಬ ತರುಣಿ. ಅವಳ ಬಂಡಿಗೆ ಎಂಟು ನಾಯಿಗಳು. ನಮಗೆ, ಅಳಿಯಂದಿರಿಗೆ, ಜೊತೆಗಿದ್ದ ಜರ್ಮನಿಯ ದಂಪತಿಗಳಿಗೆ ತಲಾ ಐದೈದು. ಲಗಾಮಿಲ್ಲ, ಚಾವಟಿಯಿಲ್ಲ. ಬಂಡಿಯ ಹಿಂದೆ ಎರಡು ಜಾರುಪಟ್ಟಿಗಳ ಮೇಲೆ ನಿಂತು ಹಿಡಿಕೆಯನ್ನು ಹಿಡಿದಿರಬೇಕು. ಕಾಲಿನಿಂದ ಒತ್ತುವ ಹಲ್ಲಿನ ಬ್ರೇಕೊಂದು, ನಿಂತಾಗ ಹಿಮಕ್ಕೆ ನಾಟುವ ಕಬ್ಬಿಣದ ಲಂಗರೊಂದು, ಸಾರಥ್ಯವೆಲ್ಲ ಇಷ್ಟೇ. “ಬಿದ್ದರೂ ಹಿಡಿಕೆಯನ್ನು ಬಿಡಬೇಡಿ. ನೀವು ಬಿಟ್ಟರೂ ಅವು ನಿಲ್ಲುವುದಿಲ್ಲ,” ಎಂದಳು. ಪಾಣಿನಿಯು ನಾಯಿಯನ್ನೂ ಯುವಕನನ್ನೂ ಮಘವನಾದ ಇಂದ್ರನನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದನೆಂದು ಪಂಡಿತರು ಹಾಸ್ಯಮಾಡುವರು. ಇಲ್ಲಿ ನಾಯಿಯೂ ಯುವತಿಯೂ ಒಂದೇ ಮಿಣಿಗೆ ಬಿಗಿದುಕೊಂಡುದನ್ನು ಕಂಡೆವು. ಇಂದ್ರನು ನಾಲ್ಕನೆಯ ದಿನ ಬಂದು ಸೇರಿಕೊಂಡನು.

ಹೊರಡುವ ಮುನ್ನ ನಾಯಿಗಳ ಆರ್ಭಟ ಕಿವಿ ಕಿತ್ತುಹೋಗುವಂಥದು: ನೆಗೆಯುವುದು, ಹಗ್ಗ ಜಗ್ಗುವುದು, ಒಂದರ ಮೇಲೊಂದು ಹಾರುವುದು. ಲಂಗರು ಕಿತ್ತ ಕ್ಷಣವೇ ಎಲ್ಲವೂ ಮೌನ. ಹಿಮದ ಮೇಲೆ ಜಾರುಪಟ್ಟಿಯ ಸರಸರ ಸದ್ದು, ಇಪ್ಪತ್ತು ಪಾದಗಳ ಮೃದುವಾದ ತಾಳ, ಬೇರೇನೂ ಇಲ್ಲ. ಬಲವಂತದ ದುಡಿಮೆಯಲ್ಲಿ ಹೀಗಿರುವುದಿಲ್ಲವೆಂದು ನಮಗೆ ಮೊದಲ ದಿನವೇ ತೋರಿತು. ಆದರೂ ಒಂದೇ ದಿನದ ಸಾಕ್ಷ್ಯದಿಂದ ತೀರ್ಪು ಹೇಳಬಾರದೆಂದು ಸುಮ್ಮನಿದ್ದೆವು.

ದಿನಕ್ಕೆ ಮೂವತ್ತು ನಾಲ್ವತ್ತು ಕಿಲೋಮೀಟರು ಸಾಗುತ್ತಿದ್ದೆವು. ಬರ್ಚ್ ಮರಗಳ ಕುರುಚಲು ಕಾಡು, ಹೆಪ್ಪುಗಟ್ಟಿದ ಸರೋವರ, ಮತ್ತೆ ಕಾಡು. ಚಳಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ. ರೆಪ್ಪೆಗಳ ಮೇಲೆ ನಮ್ಮ ಉಸಿರೇ ಹೆಪ್ಪುಗಟ್ಟುವುದು. ಪಶ್ಚಿಮದಲ್ಲಿ ಕೆಬ್ನೆಕೈಸೆ ಪರ್ವತವಿದೆ. ಅದರ ದಕ್ಷಿಣ ಶಿಖರವೇ ಆ ದೇಶದ ಅತ್ಯುನ್ನತ ಸ್ಥಾನವೆಂದು ಬಹುಕಾಲ ಎಣಿಸಿದ್ದರು. ಅದರ ತಲೆಯ ಮೇಲಣ ಹಿಮ ಕರಗುತ್ತ ಬಂದು, 2019ರ ಅಳತೆಯಲ್ಲಿ ಬಂಡೆಯ ಉತ್ತರ ಶಿಖರವೇ ಎತ್ತರವೆಂದು ತಿಳಿಯಿತು. ರಾತ್ರಿಯ ಉತ್ತರಪ್ರಭೆಯನ್ನು ಎರಡು ಸಲ ಕಂಡೆವು. ಅದರ ವರ್ಣನೆಯನ್ನು ವಾಚಕರು ಸಾಕಷ್ಟು ಓದಿರಬಹುದಾದುದರಿಂದ ಇಲ್ಲಿ ಬಿಡುತ್ತೇವೆ.

ಸಂಜೆ ತಂಗುವ ಮರದ ಗುಡಿಸಲಿಗೆ ವಿದ್ಯುತ್ತಿಲ್ಲ, ಕೊಳಾಯಿಯಿಲ್ಲ. ತಲುಪಿದೊಡನೆ ಒಳಹೋಗಿ ಕುಳಿತುಕೊಳ್ಳುವಂತಿಲ್ಲ. ಮೊದಲು ನಾಯಿಗಳ ಎದೆಪಟ್ಟಿ ಬಿಚ್ಚಿ, ಉದ್ದ ಸರಪಣಿಗೆ ಸಾಲಾಗಿ ಕಟ್ಟಿ, ಮಲಗಲು ಹುಲ್ಲು ಹಾಸಬೇಕು. ಸರೋವರದ ಮಂಜುಗಡ್ಡೆಗೆ ಕನ್ನ ಕೊರೆದು ನೀರು ತಂದು ಕಾಸಬೇಕು. ಕಲ್ಲಿನಂತಾದ ಮಾಂಸವನ್ನು ಕೊಡಲಿಯಿಂದ ಕಡಿದು ಆ ಬಿಸಿನೀರಿನಲ್ಲಿ ನೆನೆಸಿ, ಅವರವರ ನಾಯಿಗಳಿಗೆ ಅವರವರೇ ಬಡಿಸಬೇಕು. ನಮ್ಮ ಆಹಾರನಿಯಮವನ್ನು ಮೊದಲೇ ತಿಳಿದಿದ್ದ ಆ ತರುಣಿ, “ನಿಮಗೆ ಸಂಕೋಚವಾದರೆ ನಿಮ್ಮ ಪಾಲಿನ ಕೆಲಸ ನಾನು ಮಾಡುತ್ತೇನೆ,” ಎಂದಳು. ಅಳಿಯಂದಿರೂ “ನೀವು ಒಳಗೆ ನಡೆಯಿರಿ, ಮಾವನವರೇ,” ಎಂದು ಕೊಡಲಿಗೆ ಕೈಚಾಚಿದರು. ಅರುವತ್ತು ವರ್ಷ ಮಾಂಸವನ್ನು ಮುಟ್ಟದ ಕೈ ನಮ್ಮದು. ನಾಯಿ ಅಶುಚಿಯೆಂದು ಹೇಳಿದ ಶಾಸ್ತ್ರವೇ ವೈಶ್ವದೇವದ ಕೊನೆಯಲ್ಲಿ ನಾಯಿಗೂ ಅನ್ನವಿಡಬೇಕೆಂದು ವಿಧಿಸಿದೆ; ಆಶ್ರಿತರು ಉಂಡ ಮೇಲೆ ಗೃಹಸ್ಥನು ಉಣ್ಣಬೇಕೆಂದೂ ಹೇಳಿದೆ. ಹಗಲೆಲ್ಲ ನಮ್ಮನ್ನು ಎಳೆದ ಐದು ಜೀವಗಳು ಎದುರಿಗೆ ನಿಂತಿವೆ. ಕೊಡಲಿಯನ್ನು ನಾವೇ ತೆಗೆದುಕೊಂಡೆವು. ಆಮೇಲೆ ಬಿಸಿನೀರಿನಲ್ಲಿ ಕೈತೊಳೆದು, ಆಲೂಗಡ್ಡೆ, ಗಿಣ್ಣು, ಒಣರೊಟ್ಟಿಗಳನ್ನು ತಿಂದು ಮಲಗಿದರೆ, ಅಂಥ ನಿದ್ರೆ ಊರಿನಲ್ಲಿ ಬಂದುದಿಲ್ಲ.

ನಮ್ಮ ಬಂಡಿಯ ಮುಂದಾಳು ಲೂಮಿ ಎಂಬ ಹತ್ತು ವರ್ಷದ ಹೆಣ್ಣುನಾಯಿ. ಮುದುಕರಿಗೆ ಮುದಿಯಳನ್ನು ಗೊತ್ತುಮಾಡಿದ್ದರೆಂದು ತೋರುತ್ತದೆ. ಉಳಿದವು ಹಾರಾಡುವಾಗ ಅವಳು ಸುಮ್ಮನೆ ಕುಳಿತು ಒಮ್ಮೆ ಹಿಂತಿರುಗಿ ನಮ್ಮನ್ನು ನೋಡುವಳು. ತರಗತಿಗೆ ತಡವಾಗಿ ಬಂದ ಹುಡುಗನನ್ನು ನಾವು ನೋಡುತ್ತಿದ್ದ ದೃಷ್ಟಿಯೇ ಅದು.

ಮೂರನೆಯ ದಿನ ಒಂದು ಸರೋವರದ ಅಂಚಿನಲ್ಲಿ ಮಾರ್ಗದರ್ಶಿಯು ಕೈಯೆತ್ತಿ ನಿಲ್ಲಿಸಿದಳು. ದೂರದ ದಡದಲ್ಲಿ ಹಿಮಸಾರಂಗಗಳ ಮಂದೆ. ನಾಯಿಗಳನ್ನು ಕಂಡರೆ ಅವು ಚೆದರಿ ಓಡುವುವು. ಗಬ್ಬವಾದವಕ್ಕೆ ಆ ಓಟ ಕೇಡು. ಚಳಿಗಾಲದಲ್ಲಿ ಮಳೆಬಿದ್ದು ನೆಲದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿದರೆ ಸಾರಂಗಗಳು ಅಡಿಯ ಕಲ್ಲುಹೂವನ್ನು ಕೆದಕಿ ತಿನ್ನಲಾರವು. ಆ ಪದರಕ್ಕೆ ಸಾಮಿ ಭಾಷೆಯಲ್ಲಿ ಚುವೊಕಿ ಎಂಬ ಬೇರೆಯ ಹೆಸರೇ ಇದೆ. ಅಮರಸಿಂಹನು ಹಿಮಕ್ಕೆ ತುಷಾರ, ನೀಹಾರ, ಪ್ರಾಲೇಯ ಮೊದಲಾಗಿ ಹೇಳಿದ ಏಳು ಹೆಸರುಗಳೂ ನಮಗೆ ಕಂಠಸ್ಥ. ಆದರೆ ಅವುಗಳಲ್ಲಿ ಒಂದಾದರೂ ಮಂದೆಯ ಹಸಿವನ್ನು ಹೇಳುವುದಿಲ್ಲ. ನಾವು ನಿರ್ಜನವೆಂದು ಎಣಿಸಿದ್ದ ಆ ಬಿಳಿಯ ಬಯಲು ಮತ್ತೊಬ್ಬರ ಹುಲ್ಲುಗಾವಲೆಂಬುದು ಆಗ ಮನಸ್ಸಿಗೆ ಬಂದಿತು. ಬಂಡಿಗಳನ್ನು ತಿರುಗಿಸಿಕೊಂಡು ಎರಡು ಗಂಟೆಯ ಹಾದಿ ಸುತ್ತಿ ಹೋದೆವು.

ನಾಲ್ಕನೆಯ ದಿನ ಮರಗಳಿಲ್ಲದ ಬೋಳುಬೆಟ್ಟದ ಮೇಲಿದ್ದಾಗ ಗಾಳಿಯೆದ್ದಿತು. ಕಾಲುಗಂಟೆಯೊಳಗಾಗಿ ಆಕಾಶಕ್ಕೂ ಭೂಮಿಗೂ ಭೇದವಿಲ್ಲದಂತಾಯಿತು. ದಾರಿ ತೋರಲು ನೆಟ್ಟ ಕಂಬಗಳ ತುದಿಯ ಕೆಂಪು ಗುರುತುಗಳು ಒಂದರಿಂದ ಒಂದಕ್ಕೆ ಕಾಣದಾದವು. ಮಾರ್ಗದರ್ಶಿಯ ಮುಂದಿನ ನಾಯಿಗಳು ಚಿಕ್ಕವು. ಗಾಳಿಗೆ ಮುಖಕೊಡಲಾರದೆ ಮೆಲ್ಲಮೆಲ್ಲನೆ ಪಕ್ಕಕ್ಕೆ ಸರಿಯುತ್ತಿದ್ದವು. ಆಕೆ ನಿಂತಳು. ಬಂಡಿಗಳನ್ನೆಲ್ಲ ಒಂದಕ್ಕೊಂದು ತಾಗುವಂತೆ ನಿಲ್ಲಿಸಿ, ನಮ್ಮ ಬಳಿಗೆ ಬಂದು ಲೂಮಿಯನ್ನು ಬಿಚ್ಚಿ ಒಯ್ದು ತನ್ನ ಸಾಲಿನ ಮುಂದೆ ಒಂಟಿಯಾಗಿ ಕಟ್ಟಿದಳು. ಏನನ್ನೂ ಆಜ್ಞಾಪಿಸಲಿಲ್ಲ. ಲೂಮಿಯು ತಲೆ ತಗ್ಗಿಸಿ ಕೆಲವು ಹೆಜ್ಜೆ ಹೋಗಿ, ನಮಗೆ ಏನೂ ಕಾಣದ ಎಡಗಡೆಗೆ ತಿರುಗಿದಳು. ಹೊಸ ಹಿಮದ ಅಡಿಯಲ್ಲಿ ಹಳೆಯ ದಾರಿ ಗಟ್ಟಿಯಾಗಿರುವುದಂತೆ. ಅದನ್ನು ಬಲ್ಲ ನಾಯಿಗೆ ಅಂಗಾಲೇ ಕಣ್ಣು. ನಾಲ್ಕೇ ನಾಯಿಗಳು ಉಳಿದಿದ್ದ ನಾವು ಏರಿನಲ್ಲೆಲ್ಲ ಇಳಿದು ಬಂಡಿಯನ್ನು ತಳ್ಳುತ್ತ ಓಡಿದೆವು. ಎದೆ ನಗಾರಿಯಾಗಿತ್ತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಊರವರು ಆಡಬಹುದಾದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಎಷ್ಟು ಹೊತ್ತು ಹೀಗೆ ಸಾಗಿದೆವೋ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಂದು ಕೆಂಪು ಗುರುತು ಎದ್ದು ನಿಂತಿತು.

ಆ ರಾತ್ರಿ ಒಲೆಯ ಮುಂದೆ ಮಾರ್ಗದರ್ಶಿಯನ್ನು, ಮುದಿಯಾದ ನಾಯಿಗಳ ಗತಿಯೇನೆಂದು ಕೇಳಿದೆವು. “ಕೆಲವನ್ನು ಮನೆಗಳವರು ಒಯ್ಯುತ್ತಾರೆ. ಕೆಲವು ನಮ್ಮಲ್ಲೇ ಇದ್ದು ಸಾಯುತ್ತವೆ. ಎಲ್ಲ ಕಡೆಯಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ. ಬರುವವರು ಬಂಡಿ ಹತ್ತುವ ಮೊದಲು ಇದನ್ನು ಕೇಳಬೇಕು, ಯಾರೂ ಕೇಳುವುದಿಲ್ಲ,” ಎಂದಳು. ಲೂಮಿಗೆ ಇದೇ ಕಡೆಯ ಚಳಿಗಾಲವಂತೆ. ಬಂಡಿಗಳು ಹೊರಡುವ ದಿನ ವಿಶ್ರಾಂತಿ ಹೊಂದಿದ ನಾಯಿಗಳು ಬೇಲಿಯ ಬಳಿ ನಿಂತು ಊಳಿಡುವುವೆಂದೂ ಹೇಳಿದಳು. ಶಾಲೆಯ ಗಂಟೆ ಕೇಳಿದಾಗ ನಮಗಾಗುವುದನ್ನು ನಾವು ಅವಳಿಗೆ ಹೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಶ್ವಾನಶಾಲೆಗೆ ಮರಳಿದೆವು. ಆಕೆ ಇಪ್ಪತ್ತೆಂಟು ನಾಯಿಗಳ ನೂರಹನ್ನೆರಡು ಪಾದಗಳನ್ನೂ ಒಂದೊಂದಾಗಿ ಎತ್ತಿ, ಬೆರಳ ಸಂದಿಗಳನ್ನು ಬಿಡಿಸಿ ನೋಡಿ, ಬಿರುಕಿದ್ದಲ್ಲಿ ಮುಲಾಮು ಹಚ್ಚಿದಳು. ನಾವು ದೀಪ ಹಿಡಿದು ಹಿಂದೆ ಹಿಂದೆ ನಡೆದೆವು. ಅನಂತರ ನೀರು, ಅನಂತರ ಊಟ. ಲೂಮಿಯು ಉಂಡು ಮುಗಿಸಿ, ತನ್ನ ಗೂಡಿಗೆ ಹೋಗದೆ, ಖಾಲಿ ಬಂಡಿಯ ಮುಂದೆ ತನ್ನ ಸ್ಥಾನದಲ್ಲಿ ಹೋಗಿ ಮಲಗಿದಳು. ಇದೆಲ್ಲ ಮುಗಿದು ನಮ್ಮ ಸರದಿ ಬರುವ ಹೊತ್ತಿಗೆ ಅಳಿಯಂದಿರು ಬಗ್ಗಿಸಿಟ್ಟಿದ್ದ ಚಹ ತಣ್ಣಗಾಗಿತ್ತು.